ಇಂಚಿನ ತೂತಿಗೆ ಮಿಲ್ಲಿಮೀಟರ್ ಮೊನೆ

ನಮ್ಮ ಭಾವನಿಗೆ ಒಂದು ಸ್ಕ್ರೂ ಲೂಸು ಎಂದು ಚಿತ್ರದುರ್ಗದಲ್ಲಿ ಅವರನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳದೆ ಇರುವವರಿಗೆ ಅವರ ಪರಿಚಯವಿಲ್ಲ, ಅಷ್ಟೇ. ಈ ಮಾತನ್ನು ಮುಖದ ಮುಂದೆಯೇ ಆಡಿದರೂ ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಬಹಳ ಗಂಭೀರವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಯಾವ ಥ್ರೆಡ್ಡಿಂದು? ಇಂಚಿಂದೋ, ಮಿಲ್ಲಿಮೀಟರಿಂದೋ?"

ತಮಾಷೆಗೆ ಕೇಳುತ್ತಾರೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಒಂದು ಸಲ ನಕ್ಕಿದ್ದೆ. ಅವತ್ತು ಮಧ್ಯಾಹ್ನದ ಊಟ ಬಡಿಸುವವರೆಗೂ ನನಗೆ ಪಾಠ ನಡೆಯಿತು. ಮಕ್ಕಳಿಗೆ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವಳು ನಾನು. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ಆದರೆ ಕೇಳುವವರು ಆಕಳಿಸಿದರೂ ನಿಲ್ಲಿಸದಂಥ ಪಾಠವನ್ನು ನಾನು ಈವರೆಗೂ ಮಾಡಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬಸ್ ಡಿಪೋದ ಸ್ಟೋರಿನಲ್ಲಿ ಕೂತು ನಟ್ಟು, ಬೋಲ್ಟು, ವಾಷರ್ ಕೊಡುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ನಿವೃತ್ತರಾದ ಗಂಡಸರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಬೆಳಿಗ್ಗೆ ಕೋಟೆ ಕಡೆ ವಾಕಿಂಗ್ ಹೋಗುತ್ತಾರೆ. ಪೇಪರನ್ನು ಟೆಂಡರ್ ಜಾಹೀರಾತಿನ ಸಮೇತ ಓದುತ್ತಾರೆ. ಹೆಂಡತಿ ಸಾರಿಗೆ ಎಷ್ಟು ಉಪ್ಪು ಹಾಕುತ್ತಾಳೆ ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಾರೆ. ನಮ್ಮ ಭಾವ ಇದ್ಯಾವುದನ್ನೂ ಮಾಡಲಿಲ್ಲ. ಗುಜರಿ ಅಂಗಡಿಗೆ ಹೋದರು.

ಗುಜರಿ ಅಂಗಡಿಯ ಅನ್ವರ್ ಸಾಬರು ಹಳೇ ಪರಿಚಯ. ಅವರು ಒಂದು ದುಂಡನೆ ಸಾಮಾನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾ ಕೂತಿದ್ದರಂತೆ.

"ಏನ್ ಗಡಿಯಾರವೋ ಏನೋ ಸಾರ್. ಮುಳ್ಳು ಐತೆ, ಟೈಮೇ ತೋರ್ಸಲ್ಲ. ನಿಮಗೆ ಏನಾದ್ರೂ ಗೊತ್ತಾಗ್ತೈತಾ ನೋಡ್ರಿ."

ಭಾವನಿಗೆ ಗೊತ್ತಾಯಿತು. ಅದು ಡಯಲ್ ಗೇಜು. ನೋಡಲು ಹಳೇ ಕಾಲದ ಜೇಬುಗಡಿಯಾರದಂತೆ ಇರುತ್ತದೆ. ಗಾಜಿನೊಳಗೆ ಸುತ್ತಲೂ ಸಣ್ಣ ಸಣ್ಣ ಗೆರೆ, ನಡುವೆ ಮುಳ್ಳು. ಕೆಳಗೆ, ಒತ್ತಿದರೆ ಒಳಕ್ಕೆ ಹೋಗುವ ಒಂದು ಕಡ್ಡಿ. ಕಡ್ಡಿಯ ತುದಿಗೆ ತಿರುಗಿಸಿ ಕೂರಿಸುವ, ಸಾಸಿವೆಗಿಂತ ಚೂರು ದಪ್ಪ ಗುಂಡಿನ ಒಂದು ಮೊನೆ. ಆ ಮೊನೆಯನ್ನು ಯಾವುದಾದರೂ ಮಿಷನ್ನಿಗೆ ತಾಗಿಸಿ ಇಟ್ಟರೆ ಸಾಕು, ಮಿಷನ್ನು ಕೂದಲೆಳೆಗಿಂತ ಕಡಿಮೆ ಅಲುಗಿದರೂ ಮುಳ್ಳು ಓಡಿ ಹೋಗಿ ಹೇಳಿಬಿಡುತ್ತದೆ. ಚಾಡಿಕೋರ ಸಾಮಾನು!

"ಡಿಪೋದಲ್ಲಿ ಇಂಥದ್ದು ಒಂದಿತ್ತು ಕಣಮ್ಮ," ಎಂದು ಭಾವ ಆಮೇಲೆ ನನಗೆ ಹೇಳಿದರು. "ಕಪಾಟಿನಿಂದ ತೆಗೆದು ಕೊಡೋದು, ವಾಪಸ್ ಈಸ್ಕಂಡು ಬೀಗ ಹಾಕೋದು. ಅಷ್ಟೇ ನನ್ನ ಕೆಲಸ. ಒಂದಿನಾನಾದ್ರೂ ನಾನು ಇದರಲ್ಲಿ ಏನನ್ನೂ ಅಳೀಲಿಲ್ಲ."

ಗುಜರಿಯಲ್ಲಿ ಸಿಕ್ಕಿದ ಗೇಜು ಎಲ್ಲಾ ರೀತಿಯಿಂದಲೂ ಚೆನ್ನಾಗಿತ್ತು. ಇಂಗ್ಲೆಂಡಿನದ್ದು. ಗಾಜು ಒಡೆದಿರಲಿಲ್ಲ, ಮುಳ್ಳು ಬಾಗಿರಲಿಲ್ಲ. ಮೊನೆ ಮಾತ್ರ ಇರಲಿಲ್ಲ.

ಒಂದು ಮೊನೆ ತಾನೇ, ತಂದು ಹಾಕಿದರಾಯಿತು ಎಂದು ನೀವು ಅನ್ನಬಹುದು. ಅನ್ನಬೇಡಿ. ಭಾವನ ಮುಂದಂತೂ ದಯವಿಟ್ಟು ಅನ್ನಬೇಡಿ.

ಭಾವ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿ ಒಂದು ಹೊಸ ಮೊನೆ ತರಿಸಿದರು. ಹಳದಿ ಬಟ್ಟೆ ಹಾಸಿ, ಕೈ ತೊಳೆದುಕೊಂಡು, ಅದನ್ನು ಗೇಜಿನ ತೂತಿಗೆ ಇಟ್ಟು ತಿರುಗಿಸಿದರು. ಮೊನೆ ಸಲೀಸಾಗಿ ಒಳಗೆ ಹೋಯಿತು. ಅಷ್ಟೇ ಸಲೀಸಾಗಿ ಹೊರಗೆ ಬಿತ್ತು. ಮತ್ತೆ ಹಾಕಿದರು. ಮತ್ತೆ ಬಿತ್ತು.

ಸ್ಕ್ರೂವಿನ ಮೈಮೇಲೆ ಸುತ್ತಿಕೊಂಡು ಹೋಗುವ ಗೆರೆ ಇದೆಯಲ್ಲ, ಅದೇ ಥ್ರೆಡ್ಡು. ಇಂಗ್ಲೆಂಡಿನವರು ಅದನ್ನು ಇಂಚಿನ ಲೆಕ್ಕದಲ್ಲಿ ಕೊಯ್ಯುತ್ತಿದ್ದರಂತೆ. ಈಗ ಬರುವುದೆಲ್ಲ ಮಿಲ್ಲಿಮೀಟರಿನ ಲೆಕ್ಕದ್ದು. ಕಣ್ಣಿಗೆ ಎರಡೂ ಒಂದೇ. ಅಂಗೈಲಿಟ್ಟರೂ ಒಂದೇ. ಆದರೆ ಇಂಚಿನ ತೂತಿಗೆ ಮಿಲ್ಲಿಮೀಟರಿನ ಮೊನೆ ಹಾಕಿದರೆ, ದೊಡ್ಡಣ್ಣನ ಚಪ್ಪಲಿಯಲ್ಲಿ ತಮ್ಮನ ಕಾಲು. ಮಿಲ್ಲಿಮೀಟರಿನ ತೂತಿಗೆ ಇಂಚಿನ ಮೊನೆಯೋ, ಬಾಗಿಲಲ್ಲೇ ನಿಂತು ಒಳಗೆ ಬರುವುದಿಲ್ಲ ಎನ್ನುತ್ತದೆ.

ಅವತ್ತಿನಿಂದ ಭಾವನ ಪಾಲಿಗೆ ಪ್ರಪಂಚ ಎರಡು ಭಾಗವಾಯಿತು. ಇಂಚಿನವರು, ಮಿಲ್ಲಿಮೀಟರಿನವರು. ಮನೆಯ ನಲ್ಲಿ ಇಂಚಿಂದು, ಗೌರವ ಕೊಡುತ್ತಾರೆ. ಫ್ಯಾನು ಮಿಲ್ಲಿಮೀಟರಿಂದು, ಅದರ ಗಾಳಿಗೆ ಕೂರುತ್ತಾರೆ, ಆದರೆ ಮನಸ್ಸಿಲ್ಲ. ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ, "ಎಷ್ಟು ಎತ್ತರ ಇದ್ದರೆ ಏನು ಬಂತು? ಒಂದೊಂದು ಬೋಲ್ಟೂ ಮಿಲ್ಲಿಮೀಟರಿಂದೇ," ಎಂದು ಮುಖ ತಿರುಗಿಸಿಕೊಳ್ಳುತ್ತಾರೆ.

ಮೊನೆ ಸಿಗಲಿಲ್ಲ ಎಂದು ಅಳತೆ ನಿಲ್ಲುತ್ತದೆಯೇ? ಗುಜರಿಯಿಂದ ಮೈಕ್ರೋಮೀಟರ್ ಬಂತು, ವರ್ನಿಯರ್ ಬಂತು, ಹೆಸರೇ ಗೊತ್ತಿಲ್ಲದ ಇನ್ನೇನೇನೋ ಬಂದವು. ಅಕ್ಕ ತಟ್ಟಿದ ರೊಟ್ಟಿಯನ್ನು ಭಾವ ಅಂಚಿನಲ್ಲಿ ಒಂದು ಕಡೆ, ನಡುವೆ ಒಂದು ಕಡೆ ಅಳೆದು, "ಇವತ್ತು ಪೂರ್ವದ ಕಡೆ ದಪ್ಪ ಆಗೈತೆ," ಎಂದು ವರದಿ ಒಪ್ಪಿಸುತ್ತಿದ್ದರು. ಮನೆಗೆ ಬಂದವರ ತಲೆಯಿಂದ ಒಂದೊಂದು ಕೂದಲು ಕಿತ್ತು ಅಳೆದರು. ನಮ್ಮ ಮನೆತನದಲ್ಲಿ ನನ್ನ ಕೂದಲೇ ತೀರಾ ತೆಳು ಎಂದು ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಕೇಳದೆ ಇದ್ದವರಿಗೂ ತಿಳಿಸಿದರು.

ಪ್ರತಿ ಹಳೇ ಸಾಮಾನಿನಲ್ಲೂ ಒಂದೋ ಎರಡೋ ಸ್ಕ್ರೂ ಕಾಣೆಯಾಗಿರುತ್ತಿತ್ತು. ಅದಕ್ಕಾಗಿ ಸಿಕ್ಕ ಸಿಕ್ಕ ಸ್ಕ್ರೂಗಳನ್ನೆಲ್ಲ ತಂದು ಎರಡು ಡಬ್ಬಿಗಳಲ್ಲಿ ತುಂಬಿದರು. ಒಂದು ಇಂಚಿನದು, ಇನ್ನೊಂದು ಮಿಲ್ಲಿಮೀಟರಿನದು. ಇಂಚಿನ ಡಬ್ಬಿಯಲ್ಲಿ ಸ್ಕ್ರೂ ಬೇಕಾದಷ್ಟಿದ್ದವು. ಆದರೆ ಇಂಚಿನವರಲ್ಲೂ ಒಂದೊಂದು ಸಾಮಾನಿಗೆ ಒಂದೊಂದು ಥ್ರೆಡ್ಡಂತೆ! ಗೇಜಿನ ತೂತಿಗೆ ಸರಿಹೋಗುವುದು ಅದರಲ್ಲಿ ಒಂದೂ ಇರಲಿಲ್ಲ.

"ನಮ್ಮ ಮದುವೇಲಿ ಜಾತಕಾನೇ ನೋಡಿರಲಿಲ್ಲ. ಈ ಸ್ಕ್ರೂಗಳಿಗೆ ಎಷ್ಟು ನೋಡ್ತಾರೆ ನೋಡು!" ಎಂದು ಅಕ್ಕ ನನ್ನ ಹತ್ತಿರ ಹೇಳುತ್ತಿದ್ದಳು.

ಒಂದು ದೀಪಾವಳಿಗೆ ಮೊದಲು ಅಕ್ಕನಿಗೆ ಚಕ್ಕುಲಿ ತುಂಬಿಡಲು ಡಬ್ಬಿ ಸಾಲದೆ ಬಂದವು. ಭಾವ ಹೊರಗೆ ಹೋಗಿದ್ದರು. ವಾಪಸ್ ಬಂದು ಕಪಾಟು ತೆಗೆದವರು ಹಾಗೇ ನಿಂತುಬಿಟ್ಟರು.

"ಲೇ, ಡಬ್ಬಿ ಎಲ್ಲೇ?"

"ತೊಳೆದು ಬಿಸಿಲಿಗೆ ಇಟ್ಟೀನಿ."

"ಒಳಗಿದ್ದವು?"

"ಎರಡನ್ನೂ ಒಂದೇ ಬೋಸಿಗೆ ಸುರಿದೀನಿ. ಎಲ್ಲಾ ಸ್ಕ್ರೂನೇ ಅಲ್ವೇನ್ರಿ?"

ಭಾವ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಕುಕ್ಕರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಬ್ಬಕ್ಕೆಂದು ಹೊಳಲ್ಕೆರೆಯಿಂದ ಹೋದ ನಾನು ಚಪ್ಪಲಿ ಬಿಡುವುದರೊಳಗೆ ನನ್ನ ಕೈಗೆ ಬಾಚಣಿಗೆಯಂಥ ಹಲ್ಲುಗಳಿರುವ ಒಂದು ಉಕ್ಕಿನ ಪಟ್ಟಿ ಬಂತು. ಅದರ ಹಲ್ಲನ್ನು ಸ್ಕ್ರೂವಿಗೆ ಒತ್ತಿ ಬೆಳಕಿಗೆ ಹಿಡಿಯಬೇಕು. ಹಲ್ಲಿಗೆ ಹಲ್ಲು ಕೂತರೆ ಇಂಚು. ನಡುವೆ ಬೆಳಕು ಕಂಡರೆ ಮಿಲ್ಲಿಮೀಟರು. ಆ ಹಬ್ಬಕ್ಕೆ ಬಂದ ನೆಂಟರಿಗೆಲ್ಲ ಮೊದಲು ಒಂದು ಹಿಡಿ ಸ್ಕ್ರೂ, ಆಮೇಲೆ ಚಕ್ಕುಲಿ. ಹೊಸದುರ್ಗದಿಂದ ಬಂದಿದ್ದ ನಮ್ಮ ಸೋದರತ್ತೆ ಪಟ್ಟಿಯನ್ನು ಕಿಟಕಿ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ಕೇಳಿದರು: "ಅಲ್ಲಾ, ನಮ್ಮನ್ನ ಹಬ್ಬಕ್ಕೆ ಕರೆದ್ರೋ, ಡ್ಯೂಟಿಗೆ ಕರೆದ್ರೋ?"

ಮೊನೆಯ ಹುಡುಕಾಟ ಹಿರಿಯೂರಿಗೂ ಹೋಯಿತು. ಅಲ್ಲಿ ಲೇತ್ ಅಂಗಡಿ ಇಟ್ಟುಕೊಂಡಿರುವ ರುದ್ರಣ್ಣ ಎಂಥ ಥ್ರೆಡ್ಡನ್ನಾದರೂ ಕೊಯ್ದು ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ನನಗೂ ಹಿರಿಯೂರಿನಲ್ಲಿ ಕೆಲಸವಿದ್ದುದರಿಂದ ಜೊತೆಗೆ ಹೋದೆ. ರುದ್ರಣ್ಣ ಗೇಜನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಈ ಸೈಜಿನ ಥ್ರೆಡ್ ಕೊಯ್ಯಾ ಸಾಮಾನು ನನ್ನ ಹತ್ರ ಇಲ್ರಿ. ಆದ್ರೆ ಒಂದು ಕೆಲಸ ಮಾಡಾಣ. ತೂತನ್ನೇ ಚೂರು ದೊಡ್ಡದು ಮಾಡಿ ನಮ್ಮ ಥ್ರೆಡ್ಡೇ ಹಾಕಿಬಿಡಾಣ. ಟೀ ಕುಡಿಯಾದ್ರೊಳಗೆ ಆಗಿಬಿಡ್ತೈತೆ."

ಭಾವ ಗೇಜನ್ನು ಅವರ ಕೈಯಿಂದ ಕಿತ್ತುಕೊಂಡು ಎದೆಗೆ ಒತ್ತಿಕೊಂಡರು.

"ಬಾಯಿಗೆ ಸರಿಹೋಗೋ ತುತ್ತು ಸಿಗಲಿಲ್ಲ ಅಂತ ಬಾಯಿ ಕೊಯ್ಯಾಕಾಗುತ್ತೇನಪ್ಪ?"

ರುದ್ರಣ್ಣ ನನ್ನ ಮುಖ ನೋಡಿದರು. ನಾನು ಪಕ್ಕದ ಟೈರ್ ಅಂಗಡಿಯ ಬೋರ್ಡನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

ಕೊನೆಗೆ ಭಾವ ಒಂದು ಒಪ್ಪಂದಕ್ಕೆ ಬಂದರು. ನಲ್ಲಿ ಕೆಲಸದವರು ಪೈಪಿಗೆ ಸುತ್ತುವ ಬಿಳಿ ಟೇಪನ್ನು ಮಿಲ್ಲಿಮೀಟರಿನ ಮೊನೆಗೆ ಸುತ್ತಿ, ಇಂಚಿನ ತೂತಿಗೆ ತಿರುಗಿಸಿದರು. ಕೂತಿತು! ಕೂತಿತು ಎಂದರೆ, ಕೂತಂತೆ ಕಂಡಿತು. "ಇದು ಸರಿ ಅಲ್ಲ, ಆದ್ರೆ ಸದ್ಯಕ್ಕೆ ಐತೆ," ಎಂದು ಸಪ್ಪೆ ಮುಖದಲ್ಲಿ ಹೇಳಿದರು. ತತ್ವ ಬಿಟ್ಟುಕೊಟ್ಟವರ ಮುಖ ಹಾಗೇ ಇರುತ್ತದೆಯೋ ಏನೋ.

ಸರಿಯಾಗಿ ಆ ಹೊತ್ತಿಗೆ ಹೊರಕೆರೆದೇವಪುರದಿಂದ ತಿಪ್ಪೇಸ್ವಾಮಿಯ ಫೋನ್ ಬಂತು. ತಿಪ್ಪೇಸ್ವಾಮಿ ನಮ್ಮ ಯಜಮಾನರ ಚಿಕ್ಕಪ್ಪನ ಮಗ. ಅಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಗಿರಣಿ ಹಾಕಿದರೆ ಮಿಷನ್ನು ಕುಣಿಯುತ್ತದೆ, ಬೆಲ್ಟು ಪದೇ ಪದೇ ಕಿತ್ತುಹೋಗುತ್ತದೆ. "ಅತ್ತಿಗೆ, ನಿಮ್ಮ ಭಾವನೋರು ಮಿಷನ್ ಅಳೀತಾರಂತಲ್ಲ, ಒಂದ್ಸಲ ಕರ್ಕಂಡ್ ಬರ್ರಿ," ಎಂದ.

ಭಾವನ ಜೀವಮಾನದಲ್ಲಿ ಯಾರೂ ಅವರನ್ನು ಹೀಗೆ ಕರೆದಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಅಲ್ಲಿನ ದೇವಸ್ಥಾನಕ್ಕೂ ಹೋಗಿ ಕೈಮುಗಿದು ಬರಬಹುದೆಂದು ಅಕ್ಕನೂ ಬಂದಳು.

ಗಿರಣಿಯಲ್ಲಿ ಡಬ್ಬಿ, ಚೀಲ ಹಿಡಿದ ಜನ ಕಾದಿದ್ದರು. ಭಾವ ಮಿಷನ್ನು ನಿಲ್ಲಿಸಲು ಹೇಳಿದರು. ಕಬ್ಬಿಣಕ್ಕೆ ಕಚ್ಚಿಕೊಳ್ಳುವ ಆಯಸ್ಕಾಂತದ ಬುಡವಿರುವ ಒಂದು ಸ್ಟ್ಯಾಂಡನ್ನು ಮಿಷನ್ನಿನ ಮೈಗೆ ಅಂಟಿಸಿ, ಅದಕ್ಕೆ ಗೇಜು ಸಿಕ್ಕಿಸಿ, ಮೊನೆಯನ್ನು ಬೆಲ್ಟು ತಿರುಗಿಸುವ ದಂಡಕ್ಕೆ, ಅಂದರೆ ಶಾಫ್ಟಿಗೆ, ತಾಗಿಸಿದರು. ತಿಪ್ಪೇಸ್ವಾಮಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿದ. ಮುಳ್ಳು ಓಡಿತು.

"ಶಾಫ್ಟು ಬಗ್ಗೈತೆ," ಎಂದರು ಭಾವ.

ಜನ ತಲೆದೂಗಿದರು. ಇನ್ನೊಂದು ಸುತ್ತು ತಿರುಗಿತು. ಮುಳ್ಳು ಅಲುಗಲಿಲ್ಲ.

"ನೆಟ್ಟಗೈತೆ," ಎಂದರು.

ಜನ ಅದಕ್ಕೂ ತಲೆದೂಗಿದರು. ಮತ್ತೊಂದು ಸುತ್ತಿಗೆ ಮುಳ್ಳು ಹಿಂದಕ್ಕೆ ಹೋಯಿತು. ಭಾವ ಕನ್ನಡಕ ಒರೆಸಿಕೊಂಡು ಗೇಜಿನ ಮೇಲೆ ಬಗ್ಗಿದರು. ಅಷ್ಟರಲ್ಲಿ ಟಿಣ್ ಎಂದು ಒಂದು ಸಣ್ಣ ಸದ್ದು. ಕಡ್ಡಿಯ ತುದಿಯಲ್ಲಿ ಬಿಳಿ ಟೇಪಿನ ಚೂರೊಂದು ಗಾಳಿಗೆ ಆಡುತ್ತಿತ್ತು. ಮೊನೆ ಇರಲಿಲ್ಲ.

ಅದರ ನೇರ ಕೆಳಗೆ, ಹನುಮಕ್ಕ ಎಂಬ ಹೆಂಗಸಿನ ರಾಗಿ ಹಿಟ್ಟಿನ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು.

ಆಮೇಲೆ ಅಲ್ಲಿದ್ದವರೆಲ್ಲ ಸೇರಿ ಹಿಟ್ಟು ಜರಡಿ ಹಿಡಿದರು. ಅಕ್ಕ ಹಿಡಿದಳು, ನಾನು ಹಿಡಿದೆ, ಎಲ್ಲರ ರೆಪ್ಪೆಯ ಮೇಲೂ ರಾಗಿ. ಮೊನೆ ಸಿಗಲಿಲ್ಲ. ಹನುಮಕ್ಕನಿಗೆ ಹೊತ್ತಾಗುತ್ತಿತ್ತು.

"ಹೋಗ್ಲಿ ಬಿಡ್ರಿ ಅತ್ಲಾಗೆ. ಬೇರೆ ಎಲ್ಲೋ ಬಿದ್ದೈತೆ. ನಮ್ಮೋರು ಹೊಲದಿಂದ ಬರ್ತಾರೆ, ನಾನು ಹೋಗಿ ಮುದ್ದೆ ಮಾಡಬೇಕು."

"ಮುದ್ದೇನಾ?" ಎಂದರು ಭಾವ. ಮುಖದ ಬಣ್ಣವೇ ಹೋಯಿತು. "ಅಯ್ಯೋ ತಾಯಿ, ರೊಟ್ಟಿನಾದ್ರೂ ಮಾಡಬಾರದಾ?"

ಅವರ ಭಯ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ರೊಟ್ಟಿಯಾದರೆ ಅಗಿಯುತ್ತಾರೆ, ಹಲ್ಲಿಗೆ ಸಿಗುತ್ತದೆ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಮುರಿದು, ಸಾರಿಗೆ ಅದ್ದಿ, ನುಂಗುವುದು! ಉಕ್ಕಿನ ಮೊನೆ ಯಾರದೋ ಹೊಟ್ಟೆಗೆ ಹೋದರೆ ಏನು ಗತಿ?

ಆ ಹಿಟ್ಟು ಬೇಡ, ಬೇರೆ ಹಿಟ್ಟು ಕೊಡಿಸುತ್ತೇವೆ ಎಂದರೆ ಹನುಮಕ್ಕ ಕೇಳಲಿಲ್ಲ. ಅವರ ಹೊಲದ ರಾಗಿಯ ರುಚಿ ಬೇರೆಯದಂತೆ. ಭಾವ ಅವರ ಹಿಂದೆಯೇ ಮನೆಗೆ ಹೊರಟರು. ಭಾವನ ಹಿಂದೆ ಗೇಜಿನ ಸ್ಟ್ಯಾಂಡು ಎತ್ತಿಕೊಂಡು ಅಕ್ಕ, ಅಕ್ಕನ ಹಿಂದೆ ನಾನು, ನನ್ನ ಹಿಂದೆ ಗಿರಣಿಗೆ ಬೀಗ ಹಾಕಿಕೊಂಡು ತಿಪ್ಪೇಸ್ವಾಮಿ.

ಹನುಮಕ್ಕನ ಗಂಡ, ಮೈದುನ ಹೊಲದಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರು. ಗುರುತು ಪರಿಚಯವಿಲ್ಲದ, ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಎದುರಿಗೆ ಕೂತು ಕೈಮುಗಿದರು.

"ಸ್ವಾಮಿ, ಒಂದು ಕೇಳ್ಕಂತೀನಿ. ಇವತ್ತು ಒಂದಿನ ಮುದ್ದೆ ಅಗಿದು ತಿನ್ರಿ."

ಹನುಮಕ್ಕನ ಗಂಡ ಮುದ್ದೆಯಿಂದ ಕೈ ತೆಗೆದರು. "ಮುದ್ದೆ ಅಗಿಯಾದಾ? ನಾವೇನು ಪಟ್ಟಣದೋರಾ?"

"ಒಳಗೆ ಒಂದು ಮೊನೆ ಇರಬಹುದು."

"ಎಂಥ ಮೊನೆ?"

"ಮಿಲ್ಲಿಮೀಟರಿಂದು," ಎಂದರು ಭಾವ, ಅಂಥ ಹೊತ್ತಿನಲ್ಲೂ ತಪ್ಪು ಮಾಹಿತಿ ಕೊಡಬಾರದೆಂದು.

ಆ ಅಣ್ಣತಮ್ಮಂದಿರು ಬಹಳ ಒಳ್ಳೆಯವರು. ಮುಖ ಕಿವುಚಿಕೊಂಡು, ಒಂದೊಂದು ತುತ್ತನ್ನೂ ಅಗಿದರು. ಮುದ್ದೆ ಅಗಿದರೆ ಹಲ್ಲಿಗೆ ಹತ್ತಿಕೊಳ್ಳುತ್ತದೆ, ಬಾಯಿ ಬಿಡಲು ಬರುವುದಿಲ್ಲ. ಅವರು ಮಾತಿಲ್ಲದೆ ಅಗಿಯುವುದು, ನಾವು ಮಾತಿಲ್ಲದೆ ನೋಡುವುದು. ಒಬ್ಬರ ಊಟವನ್ನು ಅಷ್ಟೊಂದು ಜನ ಅಷ್ಟು ಶ್ರದ್ಧೆಯಿಂದ ನೋಡಿದ್ದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಕೊನೆಯ ತುತ್ತೂ ಮುಗಿಯಿತು. ಮೊನೆ ಬರಲಿಲ್ಲ.

"ನುಂಗಿಬಿಟ್ಟವ್ರೆ," ಎಂದು ಭಾವ ತಲೆಯ ಮೇಲೆ ಕೈ ಹೊತ್ತರು. "ಹೊಳಲ್ಕೆರೆ ಆಸ್ಪತ್ರೆಗೆ ಹೋಗಾಣ, ಏಳ್ರಿ."

ಅಕ್ಕ ಅಷ್ಟು ಹೊತ್ತೂ ಸ್ಟ್ಯಾಂಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಏಳಲೆಂದು ಅದನ್ನು ಎತ್ತಿದಳು. ಎತ್ತಿದವಳು ಹಾಗೇ ಬುಡ ಮೇಲೆ ಮಾಡಿ ನೋಡಿದಳು.

"ಏನ್ರಿ, ಇದೇನಾ?"

ಆಯಸ್ಕಾಂತದ ಬುಡಕ್ಕೆ, ಹಿಂದಿನ ಕಡೆ, ಮೊನೆ ಕಚ್ಚಿಕೊಂಡಿತ್ತು.

ಹನುಮಕ್ಕನ ಮೈದುನ ದವಡೆ ಸವರಿಕೊಂಡರು. ಆಮೇಲೆ ಹನುಮಕ್ಕ ನಗಲು ಶುರು ಮಾಡಿದರು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ನಮಗೆಲ್ಲ ಊಟ ಹಾಕಿಯೇ ಕಳಿಸಿದರು. ನಾವು ಮುದ್ದೆ ನುಂಗಿದೆವು. ಭಾವ ಮಾತ್ರ ಅಗಿದರು.

ಗಿರಣಿಯ ಕಥೆ? ಮರುದಿನ ತಿಪ್ಪೇಸ್ವಾಮಿ ಫೋನ್ ಮಾಡಿದ. ಮಿಷನ್ನಿನ ಬುಡದಲ್ಲಿ ಒಂದು ಬೋಲ್ಟು ಸಡಿಲವಾಗಿತ್ತಂತೆ. ಬಿಗಿ ಮಾಡಿದ ಮೇಲೆ ಕುಣಿತ ನಿಂತಿತಂತೆ. "ಭಾವನೋರಿಗೆ ಥ್ಯಾಂಕ್ಸ್ ಹೇಳ್ರಿ," ಎಂದ. ಯಾಕೆ ಎಂದು ನಾನು ಕೇಳಲಿಲ್ಲ.

ಇದಾಗಿ ಬಹಳ ದಿನಗಳಾದವು. ಹೋದ ವರ್ಷ ಅಕ್ಕನ ಬಲಗೈ ನಡುಗಲು ಶುರುವಾಯಿತು.

ಮೊದಲು ಗೊತ್ತಾದದ್ದು ಬಳೆ ಸದ್ದಿನಿಂದ. ಸುಮ್ಮನೆ ಟಿ.ವಿ. ನೋಡುತ್ತಾ ಕೂತಿದ್ದರೂ ಬಳೆಗಳು ತಮ್ಮಷ್ಟಕ್ಕೆ ತಾವು ಕಿಣಿಕಿಣಿ ಎನ್ನುತ್ತಿದ್ದವು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹೆಚ್ಚಾಗದ ಹಾಗೆ ನೋಡಿಕೊಳ್ಳಬಹುದು, ಪೂರ್ತಿ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ ಎಂದರು. ಎಲ್ಲದರ ಬಗ್ಗೆಯೂ ವರದಿ ಒಪ್ಪಿಸುವ ಭಾವ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಟೀ ಲೋಟ ತುಂಬಿದರೆ ಅಕ್ಕನ ಕೈಯಿಂದ ತುಳುಕುತ್ತದೆ. "ಡಾಕ್ಟ್ರು ನನಗೆ ಟೀ ಕಡಿಮೆ ಮಾಡು ಅಂದವ್ರೆ, ಇನ್ಮೇಲೆ ಅರ್ಧ ಲೋಟಾನೇ ಕೊಡು," ಎಂದರಂತೆ ಭಾವ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ.

ಬಾಗಿಲಿಗೆ ಹಾಕುವ ರಂಗೋಲಿಯ ಗೆರೆ ಅಂಕುಡೊಂಕಾಗತೊಡಗಿದಾಗ, "ನನಗೂ ಬೆಳಿಗ್ಗೆ ಎದ್ದು ಮಾಡಾಕೆ ಏನೂ ಕೆಲಸ ಇಲ್ಲ," ಎಂದು ಭಾವನೇ ರಂಗೋಲಿ ಬಟ್ಟಲು ಹಿಡಿದರು. ಚಿತ್ರದುರ್ಗದ ಆ ಬೀದಿಯ ಜನ ಬೆಳಿಗ್ಗೆ ಹಾಲು ತರಲು ಹೋಗುವಾಗ, ಕನ್ನಡಕದ ಹಿರಿಯರೊಬ್ಬರು ಕುಕ್ಕರಗಾಲಲ್ಲಿ ಕೂತು, ಚುಕ್ಕಿಗೂ ಚುಕ್ಕಿಗೂ ನಡುವೆ ವರ್ನಿಯರ್ ಹಿಡಿದು ಅಳೆಯುವುದನ್ನು ನೋಡುತ್ತಿದ್ದರು. ಎದುರು ಮನೆಯವರು ಏನೋ ಅಂದರು. ಭಾವ ತಲೆ ಎತ್ತದೆ ಉತ್ತರ ಕೊಟ್ಟರು: "ಸುಮ್ನಿರ್ರಿ, ಲೆಕ್ಕ ತಪ್ತೈತೆ."

ಇಂಥ ದಿನಗಳಲ್ಲೇ ಅನ್ವರ್ ಸಾಬರು ಭಾವನನ್ನು ಕರೆಸಿದರು. ಹಿರಿಯೂರಿನ ಕಡೆ ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಹಳೇ ಕಬ್ಬಿಣ ಬಂದಿತ್ತು. ಅದರಲ್ಲಿ ಇಂಗ್ಲೆಂಡಿನದೇ ಇನ್ನೊಂದು ಗೇಜು. ಗಾಜಿಲ್ಲ, ಮುಳ್ಳಿಲ್ಲ, ತುಕ್ಕು ಹಿಡಿದು ಕಡ್ಡಿ ಕಚ್ಚಿಕೊಂಡಿದೆ.

"ಜೀವ ಹೋಗೈತೆ ಸಾರ್," ಎಂದರು ಸಾಬರು. "ಮೊನೆ ಮಾತ್ರ ಚೆನ್ನಾಗೈತೆ."

ಭಾವ ಸೀಮೆಎಣ್ಣೆಯಲ್ಲಿ ನೆನೆಸಿ, ಉಸಿರು ಬಿಗಿಹಿಡಿದು ಮೊನೆ ಬಿಚ್ಚಿದರು. ಮನೆಗೆ ತಂದು ತಮ್ಮ ಗೇಜಿನ ತೂತಿಗೆ ಇಟ್ಟು ತಿರುಗಿಸಿದರು. ತಿರುಗಿತು. ಇನ್ನೂ ತಿರುಗಿತು. ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಹೋಗಿ ನಿಂತಿತು. ನಾನು ಹತ್ತನೇ ಕ್ಲಾಸಿಗೆ ಸಂಧಿ ಹೇಳಿಕೊಡುತ್ತಿದ್ದೆ. ಫೋನ್ ಬಿಡದೆ ಹೊಡೆದುಕೊಂಡಿತು. ಅಕ್ಕನಿಗೇನಾಯಿತೋ ಎಂದು ಗಾಬರಿಯಿಂದ ಎತ್ತಿದೆ.

"ಕುಂತ್ಕಂತು ಕಣಮ್ಮ!"

"ಯಾರು ಭಾವ?"

"ಮೊನೆ!"

ಆ ಭಾನುವಾರ ಬೆಳಿಗ್ಗೆ ನಾನು ಚಿತ್ರದುರ್ಗಕ್ಕೆ ಹೋದೆ. ಹೋಗದೆ ಇದ್ದರೆ ಆಗುತ್ತಿತ್ತೇ? ಭಾವ ನಡುಮನೆಯ ಕಿಟಕಿ ಹತ್ತಿರ ಗ್ರಾನೈಟ್ ಕಲ್ಲಿನ ಮೇಲೆ ಒಂದು ಕಬ್ಬಿಣದ ಹಲಗೆ ಇಟ್ಟು, ಅದರ ಮೇಲೆ ಸ್ಟ್ಯಾಂಡ್ ನಿಲ್ಲಿಸಿದ್ದರು. ಪೇಪರಿನ ಚೂರು ಇಟ್ಟು ಅಳೆದರು. ತೆಗೆದು, ಮತ್ತೆ ಇಟ್ಟು ಅಳೆದರು. ಎಷ್ಟು ಸಲ ಅಳೆದರೂ ಮುಳ್ಳು ಅದೇ ಗೆರೆಗೆ ಬಂದು ನಿಲ್ಲುತ್ತಿತ್ತು.

"ನೀನೇ ಅಲುಗಿಸಿ ನೋಡು ಬಾರಮ್ಮ," ಎಂದರು. ಮೊನೆಯನ್ನು ಬೆರಳಲ್ಲಿ ಹಿಡಿದು ಅಲುಗಿಸಿದೆ. ಕಲ್ಲಿನಂತೆ ಕೂತಿತ್ತು. ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. "ಚೆನ್ನಾಗಿದ್ಯಲ್ಲ?" ಎಂದು ಕೇಳಿದರು, ಹೆಣ್ಣು ನೋಡಿ ಬಂದವರನ್ನು ಕೇಳುವಂತೆ.

ಅಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ಕಲ್ಲಿನ ಮುಂದೆ ಕೂತಳು. ಮುಳ್ಳನ್ನು ಸ್ವಲ್ಪ ಹೊತ್ತು ನೋಡಿದಳು.

"ಊರಲ್ಲಿರೋದೆಲ್ಲಾ ಅಳೆದಿದ್ದಾತು," ಎಂದಳು. "ಇದನ್ನೂ ಒಂದ್ಸಲ ಅಳೀರಿ."

ನಾವು ಬೇಡ ಎನ್ನುವುದರೊಳಗೆ ಮೊನೆಯನ್ನು ಮೇಲೆತ್ತಿ, ಬಲಗೈಯ ತೋರುಬೆರಳನ್ನು ಅದರ ಕೆಳಗೆ ಇಟ್ಟಳು.

ಮುಳ್ಳು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೊಡೆದುಕೊಳ್ಳತೊಡಗಿತು. ಎಲ್ಲೂ ನಿಲ್ಲಲಿಲ್ಲ. ಬಲೆಗೆ ಸಿಕ್ಕ ಹಕ್ಕಿಯ ಹಾಗೆ. ನಾನು ಕಿಟಕಿಯಾಚೆ ನೋಡಿದೆ. ಅಕ್ಕ ಮಾತ್ರ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

"ಇಷ್ಟೊಂದಾ?" ಎಂದಳು. ಅವಳ ದನಿ ಬಹಳ ಸಣ್ಣದಾಗಿತ್ತು.

ಭಾವ ಕೈ ಚಾಚಿ ಡಯಲಿನ ಮೇಲೆ ಅಂಗೈ ಮುಚ್ಚಿದರು.

"ತೆಗಿ, ತೆಗಿ ಬೆರಳು. ನಿನ್ನ ಕೈದಲ್ಲ ಅದು. ಮೊನೆ ಲೂಸೈತೆ."

ಅಕ್ಕ ಅವರ ಮುಖ ನೋಡಿದಳು. "ಈಗ ತಾನೇ ಸರಿಯಾಗಿ ಕುಂತೈತೆ ಅಂದ್ರಿ?"

"ಕುಂತಂಗೆ ಕಾಣ್ತಿತ್ತು. ಥ್ರೆಡ್ಡು ಬೇರೆ ಕಣೆ ಇದು. ಇದೂ ಮಿಲ್ಲಿಮೀಟರಿಂದೇ. ಅದಕ್ಕೇ ಮುಳ್ಳು ಹಂಗೆ ಆಡ್ತೈತೆ."

"ಅಷ್ಟು ವರ್ಷ ಹುಡುಕಿ ಹುಡುಕಿ ಇದನ್ನ ತಂದ್ರಾ?"

"ಹೂಂ ಕಣೆ. ಮೋಸ ಹೋದೆ."

ಭಾವ ಅವಳ ಬೆರಳನ್ನು ಮೊನೆಯ ಕೆಳಗಿನಿಂದ ಮೆಲ್ಲಗೆ ಬಿಡಿಸಿಕೊಂಡರು. ಬಿಡಿಸಿಕೊಂಡ ಕೈಯನ್ನು ಬಿಡದೆ, ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡು, ಆ ಕಾಲದ ಇಂಗ್ಲೆಂಡಿನವರೂ ಎಷ್ಟು ಕೆಟ್ಟದಾಗಿ ಥ್ರೆಡ್ಡು ಕೊಯ್ಯುತ್ತಿದ್ದರು ಎಂದು ನನಗೆ ವಿವರಿಸತೊಡಗಿದರು.